ಚಳಿಗಾಲದಲ್ಲಿ ಕೋಳಿಗೂಡಿನ ಟಾರ್ಪಾಲು ಕಿತ್ತ ಮೇಲೆ

ಈ ಸಲದ ಚಳಿಯಲ್ಲಿ ನಮ್ಮ 38 ಬೆಳೆದ ಕೋಳಿಗಳಲ್ಲಿ ಹೋದದ್ದು ಒಂದೇ, ಅದೂ ಮೇಯಲು ಬಿಟ್ಟಾಗ ಕಬ್ಬೆಕ್ಕಿನ ಬಾಯಿಗೆ. ನವೆಂಬರಿನಲ್ಲಿ ಟಾರ್ಪಾಲು ಕಿತ್ತ ದಿನ ಪಕ್ಕದ ತೋಟದ ಗೌಡರು ಬೇಲಿಯಾಚೆ ನಿಂತು, "ಸಂಕ್ರಾಂತಿಗೆ ಮೊದಲೇ ಗೂಡು ಖಾಲಿ, ಬರೆದಿಟ್ಟುಕೊಳ್ಳಿ" ಎಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೂಡಿಗೆರೆ ಕಡೆಯವರಿಗೆ ಹೇಳಬೇಕಿಲ್ಲ, ಜೂನಿನಲ್ಲಿ ನೆನೆದ ಗೂಡು ಒಣಗುವ ಹೊತ್ತಿಗೆ ಇಬ್ಬನಿ ಶುರುವಾಗುತ್ತದೆ. ಎರಡು ವರ್ಷ ನಾನೂ ಎಲ್ಲರಂತೆ ನಾಲ್ಕೂ ಕಡೆ ಟಾರ್ಪಾಲು ಬಿಗಿದೆ. ಸುಮಾರು 1,800 ರೂಪಾಯಿ. ಒಳಗೆ 60 ವ್ಯಾಟಿನ ಎರಡು ಬಲ್ಬು, ಕರೆಂಟು ಹೋದ ರಾತ್ರಿ ಕೆಂಡದ ಮಡಕೆ (ಮುಚ್ಚಿದ ಗೂಡಿನಲ್ಲಿ ಕೆಂಡ! ಈಗ ನೆನೆದರೆ ನಾಚಿಕೆಯಾಗುತ್ತದೆ). ಮೊದಲ ವರ್ಷ 11 ಕೋಳಿ ಸತ್ತವು, ಮರುವರ್ಷ 14 ಇರಬೇಕು. ಮುಖ ಊದುವುದು, ಕಣ್ಣಲ್ಲಿ ನೊರೆ, ರಾತ್ರಿಯೆಲ್ಲ ಗೊರಗೊರ. ಕೊಕ್ಕರೆ ರೋಗ (ರಾಣಿಖೇತ್) ಎನ್ನೋಣವೆಂದರೆ ಅದರ ಲಸಿಕೆಗಳಾದ ಲಸೋಟ, ಆರ್‌ಟುಬಿ ಎರಡೂ ಹಾಕಿಸಿದ್ದೆ. ಔಷಧಿಗೆ 2,500 ಸುರಿದೆ. ಕಿಲೋಗೆ 450ರಂತೆ ಮಾರಬಹುದಾಗಿದ್ದ ಹುಂಜಗಳನ್ನು ಕಾಫಿ ಗಿಡದ ಬುಡಕ್ಕೆ ಹೂಳಿದೆ.

ಒಂದು ಮುಂಜಾನೆ ಮೊಟ್ಟೆ ತಡಕುತ್ತಾ ಗೂಡಿನೊಳಗೆ ಕುಕ್ಕರಗಾಲಲ್ಲಿ ಕುಳಿತೆ. ನಿಂತಿದ್ದಾಗ ಅಷ್ಟಾಗಿ ಬಾರದ ಘಾಟು, ತಲೆ ಕೋಳಿಯ ಎತ್ತರಕ್ಕೆ ಇಳಿದ ಕೂಡಲೇ ಮೂಗಿಗೆ ರಾಚಿತು, ಕಣ್ಣು ಉರಿದು ನೀರು ಬಂತು. ಮಳೆ ನಿಂತು ಎಷ್ಟೋ ವಾರವಾಗಿತ್ತು, ಆದರೂ ಚಾವಣಿಯ ಶೀಟಿನಿಂದ ತಣ್ಣನೆಯ ಹನಿಯೊಂದು ಕುತ್ತಿಗೆಗೆ ಬಿತ್ತು. ಕೋಳಿಗಳ ಉಸಿರೂ ಹಿಕ್ಕೆಯ ಹಬೆಯೂ ಹೊರಹೋಗಲು ದಾರಿಯಿಲ್ಲದೆ ಮತ್ತೆ ಅವುಗಳ ಮೈಮೇಲೇ ಸುರಿಯುತ್ತಿತ್ತು. ಪುಕ್ಕ ಹೊದ್ದು ಹುಟ್ಟಿದ ಪ್ರಾಣಿಗೆ ಟಾರ್ಪಾಲನ್ನೂ ಹೊದಿಸಿ ನಾನೇ ಉಸಿರು ಕಟ್ಟಿಸಿದ್ದೆ.

ಈಗ ಕೆಳಗಿನ ನಾಲ್ಕಡಿ ಹಲಗೆ, ಗಾಳಿ ನುಸುಳದಂತೆ. ಶೀಟಿನ ಕೆಳಗೆ ಎರಡು ಬದಿಗೂ ಒಂದಡಿ ಖಾಲಿ, ಅದಕ್ಕೆ ಅರ್ಧ ಇಂಚಿನ ಜಾಲರಿ. ಕೋಳಿ ಕೂರಲು ಬಿದಿರಿನ ಬದಲು ಸೀಳಿದ ಅಡಿಕೆ ಮರದ ದಬ್ಬೆಯನ್ನು ಮಟ್ಟಸವಾಗಿ ಹೊಡೆದೆ. ಪಾದ ಹರಡಿ ಕೂತರೆ ಹೊಟ್ಟೆಯ ಪುಕ್ಕ ಬೆರಳುಗಳನ್ನು ಪೂರ್ತಿ ಮುಚ್ಚುತ್ತದೆ. ದಬ್ಬೆ ಕಿಂಡಿಗಿಂತ ಒಂದೂವರೆ ಅಡಿಯಾದರೂ ಕೆಳಗಿರಲಿ, ಗಾಳಿ ತಲೆಯ ಮೇಲಿಂದಲೇ ಹಾದುಹೋಗಬೇಕು. ಜಾಲರಿ, ಮೊಳೆ, ಆಳಿನ ಕೂಲಿ ಸೇರಿ 2,000 ದಾಟಲಿಲ್ಲ.

ನೆಲಕ್ಕೆ ಮೊದಲು ಪುಕ್ಕಟೆ ಸಿಗುತ್ತದೆಂದು ಕಾಫಿ ಸಿಪ್ಪೆ ಹಾಸಿದೆ. ವಾರದಲ್ಲೇ ಬೂಷ್ಟು ಹಿಡಿಯಿತು. ಈಗ ಐದಾರು ಇಂಚು ಭತ್ತದ ಹೊಟ್ಟು, ಮೂರು ದಿನಕ್ಕೊಮ್ಮೆ ಕೆದಕುತ್ತೇನೆ. ಹಿಡಿ ತುಂಬ ಹಿಚುಕಿ ಬಿಟ್ಟಾಗ ಉದುರಬೇಕು, ಉಂಡೆಯಾದರೆ ಅಂದೇ ಬದಲಿಸಿ. ಸಂಜೆಯ ಬಿಸಿ ನುಚ್ಚಿಗೆ ನಾನು ಬೆರೆಸುವ ಪುಡಿಯ ಬಗ್ಗೆ ಮಾತ್ರ ಕೇಳಬೇಡಿ, ಗೌಡರಿಗೂ ಹೇಳಿಲ್ಲ.

ಇದೆಲ್ಲ ಬೆಳೆದ ಕೋಳಿಗಳಿಗೆ. ಹುಮ್ಮಸ್ಸಿನಲ್ಲಿ ಮೂರು ವಾರದ ಗಿರಿರಾಜ ತಳಿಯ ಮರಿಗಳನ್ನೂ ಇದೇ ಗೂಡಿಗೆ ಬಿಟ್ಟು 9 ಕಳೆದುಕೊಂಡೆ. ಚಳಿಗೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಪುಕ್ಕ ಪೂರ್ತಿ ಬಲಿಯುವವರೆಗೆ ಅವಕ್ಕೆ ಬಲ್ಬೇ ಗತಿ.

ಡಿಸೆಂಬರಿನಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ, ಹೇಂಟೆಗಳು ಮೊಟ್ಟೆ ಕಡಿಮೆ ಮಾಡುತ್ತವೆ. 350 ರೂಪಾಯಿಯ ಟೈಮರಿಗೆ ಒಂದು ಎಲ್‌ಇಡಿ ಬಲ್ಬು ಸಿಕ್ಕಿಸಿದೆ. ಮೊದಲು ಸಂಜೆ ಉರಿಸಿದೆ. ತಟ್ಟನೆ ಆರಿದಾಗ ದಬ್ಬೆ ಹತ್ತಲು ಕಾಣದೆ ಅರ್ಧಕ್ಕರ್ಧ ಕೋಳಿ ನೆಲದಲ್ಲೇ ಉಳಿದವು. ಆಮೇಲೆ ಬೆಳಗ್ಗೆ ನಾಲ್ಕಕ್ಕೆ ಹೊತ್ತುವಂತೆ ಮಾಡಿದೆ. ದಿನಕ್ಕೆ ನಾಲ್ಕೈದಿದ್ದ ಮೊಟ್ಟೆ ಮೂರು ವಾರದಲ್ಲಿ ಹದಿಮೂರು ಹದಿನಾಲ್ಕಕ್ಕೆ ಏರಿತು. ಹುಂಜವೂ ಈಗ ನಾಲ್ಕಕ್ಕೇ ಕೂಗುತ್ತದೆ. ಅವ್ವ ಎರಡು ಸಲ ಟೈಮರ್ ಕಿತ್ತು ಬಚ್ಚಿಟ್ಟಿದ್ದಾಳೆ.