ಹೊಳೆದಂಡೆಯ ಮನೆಗಳಲ್ಲಿ ನೆರೆಗೆ ಮುಂಚೆ ಕಟ್ಟಿಡಬೇಕಾದ್ದು

ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡೆಯ ಊರುಗಳಿಗೆ ನೆರೆ ಬರಲು ಅಲ್ಲೇ ಮಳೆಯಾಗಬೇಕೆಂದಿಲ್ಲ. ಘಟ್ಟದಲ್ಲಿ ಸುರಿದರೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಸಾಕು. 2019ರ ಆಗಸ್ಟ್‌ನಲ್ಲಿ ಬಾದಾಮಿ ಕಡೆಯ ಹಳ್ಳಿಗಳು ಮುಳುಗುವಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿನ ಪಾಲು ದೊಡ್ಡದು. ಮೋಡ ನೋಡಿ ಕಾಗದ, ಫೋಟೊ, ಸೀರೆಗಳ ಗಂಟು ಕಟ್ಟಲು ಹೊರಟರೆ ತಡವಾಗುತ್ತದೆ. ಮೇ ತಿಂಗಳಲ್ಲೇ ಕಟ್ಟಿ ಮುಗಿಸಿ. ಒಣ ಹವೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಬೂಸ್ಟು ಹಿಡಿಯುವುದು ಕಡಿಮೆ, ಜುಲೈನಲ್ಲಿ ಮುಚ್ಚಿದರೆ ತೇವವನ್ನೂ ಒಳಗಿಟ್ಟು ಮುಚ್ಚಿದಂತೆ.

ಮೊದಲು ವಿಂಗಡಣೆ. ಪಹಣಿ ಮತ್ತೆ ಸಿಗುತ್ತದೆ, ಆಧಾರ್ ಮತ್ತೆ ಸಿಗುತ್ತದೆ. ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಲ್ಲಿ ಪಡೆಯಬಹುದು. ದಸ್ತಾವೇಜಿನ ಸಂಖ್ಯೆ, ವರ್ಷ ಗೊತ್ತಿದ್ದರೆ ಹುಡುಕಾಟ ತಪ್ಪುತ್ತದೆ, ಅವನ್ನು ಬರೆದು ಬೇರೆ ಊರಿನ ನೆಂಟರಲ್ಲೂ ಒಂದು ಪ್ರತಿ ಇಡಿ. ಯಾವ ಕಚೇರಿಯೂ ಮತ್ತೆ ಕೊಡಲಾರದ್ದು ಅಜ್ಜಿಯ ಮದುವೆ ಫೋಟೊ, ಕೈಬರಹದ ಜಾತಕ, ಹಳೆಯ ಪತ್ರಗಳು. ಬಹುತೇಕ ಮನೆಗಳಲ್ಲಿ ಬಾಂಡು ಪೇಪರ್ ತಿಜೋರಿಯಲ್ಲಿರುತ್ತದೆ, ಇವು ಮಾತ್ರ ಗೋಡೆಯ ಮೇಲೆ, ಹಾಸಿಗೆ ಕೆಳಗಿನ ಟ್ರಂಕಿನಲ್ಲಿ.

ಟ್ರಂಕನ್ನು ನಂಬಬೇಡಿ. ತಗಡಿನ ಸಂದಿಯಿಂದ ಕೆಸರುನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕಬ್ಬಿಣದ ಪಟ್ಟಿಯಿಂದ ಬಿಗಿಯುವ, ರಬ್ಬರ್ ವಾಷರ್ ಇರುವ 50 ಲೀಟರ್ ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು. ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ ಬೇಡ. ಕಾಗದಗಳನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಇನ್ನೊಂದು ಚೀಲದೊಳಗಿಡಿ. ಡ್ರಮ್ಮಿನ ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಸುಮಾರು 200 ಗ್ರಾಂ ಇರಲಿ. ರೇಷ್ಮೆ ಸೀರೆಗೆ ಮೊದಲು ಬಿಳಿ ಹತ್ತಿಬಟ್ಟೆ, ಆಮೇಲೆ ಪ್ಲಾಸ್ಟಿಕ್. ನುಸಿಗುಳಿಗೆ ಜರಿಗೆ ತಾಗದಿರಲಿ. ಉಳಿದ ಜಾಗಕ್ಕೆ ಬಟ್ಟೆ ತುರುಕಿ.

ಹಳೆಯ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಲೇಬೇಡಿ. ಅಂಚಿನಿಂದ ನುಗ್ಗಿದ ನೀರು ಒಳಗೇ ಕೊಳೆಸುತ್ತದೆ, ಬಿಡಿಸಲು ಹೋದರೆ ಕಾಗದವೂ ಕಿತ್ತುಬರುತ್ತದೆ.

ಗಾಜಿನ ಚೌಕಟ್ಟಿನ ಫೋಟೊಗಳನ್ನು ಹೊರತೆಗೆದೇ ಇಡಬೇಕು. ಫೋಟೊ ಮೇಲಿನ ಜೆಲಟಿನ್ ಪದರ ನೆನೆದು ಒಣಗುವಾಗ ಗಾಜಿಗೆ ಅಂಟಿಕೊಳ್ಳುತ್ತದೆ. ಒಂದೊಂದರ ನಡುವೆ ಬಟರ್ ಪೇಪರ್ ಇಡಿ; ಹಿಂದೆ ಮೃದು ಪೆನ್ಸಿಲ್‌ನಿಂದ ಹೆಸರು, ವರ್ಷ ಬರೆಯಿರಿ, ಪೆನ್ನಿನ ಶಾಯಿ ಹರಡುತ್ತದೆ. ಕಿಟಕಿಯ ನೆರಳು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಫೋಟೊಗೆ ಸಮಾನಾಂತರವಾಗಿ ಹಿಡಿದು ಪ್ರತಿ ತೆಗೆದಿಡಿ.

ಡ್ರಮ್ ಎಲ್ಲಿಡಬೇಕು? ಅಟ್ಟ ಎಂಬುದು ಆರ್‌ಸಿಸಿ ಮನೆಗೆ ಸರಿ. ಮಣ್ಣಿನ ಗೋಡೆ ನೀರಲ್ಲಿ ನಿಂತು ನೆನೆದರೆ ಕುಸಿಯುತ್ತದೆ, ಮಾಳಿಗೆ ಸಮೇತ. ಅಂಥ ಮನೆಯವರು ಮಳೆಗಾಲಕ್ಕೆ ಮುಂಚೆಯೇ ಡ್ರಮ್ಮನ್ನು ದಿಬ್ಬದ ಮೇಲಿನ ಬಂಧುಗಳ ಮನೆಗೆ ಸಾಗಿಸಲಿ. ಎಲ್ಲಿದ್ದರೂ ಹಗ್ಗದಿಂದ ಕಟ್ಟಿ. ಮುಚ್ಚಿದ ಡ್ರಮ್ ತೇಲುತ್ತದೆ.

ತೇಲುವುದು ಅದೊಂದೇ ಅಲ್ಲ. ತುಂಬಿದ 14.2 ಕೆಜಿ ಗ್ಯಾಸ್ ಸಿಲಿಂಡರ್ ಕೂಡ ತೇಲುತ್ತದೆ, ಏಕೆಂದರೆ ಅದರ ಒಟ್ಟು ತೂಕ ಸುಮಾರು 30 ಕೆಜಿ, ಅದು ತಳ್ಳುವ ನೀರು 33 ಲೀಟರಿಗೂ ಹೆಚ್ಚು. ಹೊರಡುವಾಗ ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಕಂಬಕ್ಕೆ ಬಿಗಿಯಿರಿ. ಮೇನ್ ಸ್ವಿಚ್ ನೆಲ ಒಣಗಿರುವಾಗಲೇ ಆರಿಸಬೇಕು. ನೀರಲ್ಲಿ ನಿಂತು ಮುಟ್ಟಬಾರದು. ದನಗಳನ್ನು ಹೊಡೆದುಕೊಂಡು ಹೋಗಲಾಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ. ತುರ್ತಿಗೆ 112.

ಇಷ್ಟಾದರೂ ಫೋಟೊ ನೆನೆದರೆ ಬಿಸಿಲಿಗೆ ಹಾಕಬೇಡಿ, ಉಜ್ಜಬೇಡಿ. ತಣ್ಣನೆಯ ಶುದ್ಧ ನೀರಲ್ಲಿ ಕೆಸರು ಬಿಡಿಸಿ, ಚಿತ್ರ ಮೇಲಾಗಿ ನೆರಳಲ್ಲಿ ಹರಡಿ. ಕೆಳಗೆ ಬಿಳಿ ಹಾಳೆ ಇರಲಿ, ದಿನಪತ್ರಿಕೆಯ ಶಾಯಿ ಅಂಟುತ್ತದೆ. 48 ಗಂಟೆಯೊಳಗೆ ಒಣಗಿಸಲಾಗದಿದ್ದರೆ ಬಟರ್ ಪೇಪರ್ ನಡುವೆ ಜೋಡಿಸಿ ಫ್ರೀಜರಿನಲ್ಲಿಡಿ. ಗಾಜಿಗೆ ಅಂಟಿ ಒಣಗಿದ್ದನ್ನು ಕೀಳದೆ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.