ಸ್ಪ್ಯಾನಿಷ್ ಪದಗಳನ್ನು ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಒಂದು ಸಲಹೆ
ಇಂಗ್ಲಿಷಿನಲ್ಲಿ ‘ಷನ್’ ಎಂದು ಮುಗಿಯುವ ಬಹಳಷ್ಟು ಪದಗಳು ಸ್ಪ್ಯಾನಿಷಿನಲ್ಲಿ ‘ಸಿಯೋನ್’ ಎಂದು ಮುಗಿಯುತ್ತವೆ. ‘ನೇಷನ್’ ಎಂಬುದು ‘ನಾಸಿಯೋನ್’ ಆಗುವುದನ್ನು ಕಂಡ ಕೂಡಲೇ ನೂರಾರು ಪದಗಳು ಪುಕ್ಕಟೆಯಾಗಿ ಸಿಕ್ಕಂತಾಗುತ್ತದೆ. ನಾವು ಎಡವುವುದು ಈ ಹುಮ್ಮಸ್ಸಿನಲ್ಲಿಯೇ. ‘ಎಂಬರಾಸಾದಾ’ ಎಂದರೆ ಮುಜುಗರಪಟ್ಟವಳಲ್ಲ, ಗರ್ಭಿಣಿ. ‘ಎಕ್ಸಿತೊ’ ಎಂದರೆ ಯಶಸ್ಸು, ಹೊರಹೋಗುವ ಬಾಗಿಲಿನ ಮೇಲೆ ಬರೆದಿರುವುದು ‘ಸಲೀದಾ’. ‘ಲಿಬ್ರೆರಿಯಾ’ದಲ್ಲಿ ಪುಸ್ತಕಗಳನ್ನು ಎರವಲು ಕೊಡುವುದಿಲ್ಲ, ಮಾರುತ್ತಾರೆ, ಗ್ರಂಥಾಲಯಕ್ಕೆ ‘ಬಿಬ್ಲಿಯೊತೆಕಾ’ ಎನ್ನಬೇಕು. ಇಂತಹ ಪದಗಳನ್ನು ಪ್ರತ್ಯೇಕ ಹಾಳೆಯಲ್ಲಿ, ನೇರವಾಗಿ ಕನ್ನಡದ ಅರ್ಥದೊಂದಿಗೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕನ್ನಡ ನೆರವಿಗೆ ಬರುವ ಇನ್ನೊಂದು ಜಾಗವಿದೆ. ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯವನ್ನು ‘ಐ ಲೈಕ್ ಕಾಫಿ’ ಎಂದು ಅರ್ಥ ಮಾಡಿಕೊಂಡವರಿಗೆ ‘ನಾನು’ ಎಂಬ ಕರ್ತೃ ಎಲ್ಲಿ ಹೋಯಿತೆಂಬ ಗೊಂದಲ ತಪ್ಪುವುದಿಲ್ಲ. ನಮಗಾದರೋ ‘ಮೆ’ ಎಂದರೆ ‘ನನಗೆ’, ಒಟ್ಟಾರೆ ‘ನನಗೆ ಕಾಫಿ ಇಷ್ಟವಾಗುತ್ತದೆ’. ‘ಪುಸ್ತಕಗಳು ಇಷ್ಟವಾಗುತ್ತವೆ’ ಎನ್ನುವಾಗ ನಮ್ಮ ಕ್ರಿಯಾಪದ ಬಹುವಚನಕ್ಕೆ ತಿರುಗುವಂತೆಯೇ ಅಲ್ಲಿಯೂ ‘ಗುಸ್ತಾ’ ಹೋಗಿ ‘ಗುಸ್ತಾನ್’ ಬರುತ್ತದೆ: ‘ಮೆ ಗುಸ್ತಾನ್ ಲೊಸ್ ಲಿಬ್ರೊಸ್’. ಈ ಒಂದು ಕ್ರಿಯಾಪದದ ಮಟ್ಟಿಗಾದರೂ ಇಂಗ್ಲಿಷನ್ನು ಬದಿಗಿಟ್ಟು ಅಭ್ಯಾಸ ಮಾಡಿ ನೋಡಿ.