ಸುಂಕ ಹಾಕ್ಸೋರ ಕೆಲ್ಸ ಒಳಗಿಂದ ಹೇಗಿರುತ್ತೆ: ನನ್ನ ಅನುಭವ

ಉತ್ಪಾದಕರ ಸಂಘದ ಪರವಾಗಿ ಆಂಟಿ-ಡಂಪಿಂಗ್ ಅರ್ಜಿ ರೆಡಿ ಮಾಡೋದು ನನ್ನ ಕೆಲ್ಸ ಆಗಿತ್ತು, ಅಂದ್ರೆ ಹೊರದೇಶದ ಮಾಲು ತೀರಾ ಕಮ್ಮಿ ರೇಟಿಗೆ ಬಂದು ಬೀಳ್ತಿದೆ, ಸುಂಕ ಹಾಕಿ ಅಂತ ಸರ್ಕಾರಕ್ಕೆ ಕೇಳೋದು. ಲಾಬಿ ಅಂದ ತಕ್ಷಣ ಜನಕ್ಕೆ ಮಂತ್ರಿ ಮನೆ ಬಾಗಿಲು ನೆನಪಾಗುತ್ತೆ, ನನಗೆ ನೆನಪಾಗೋದು ಎಕ್ಸೆಲ್ ಶೀಟು.

ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ರೂಲ್ ಪ್ರಕಾರ ಅರ್ಜಿಗೆ ಸೈ ಅನ್ನೋ ಕಂಪನಿಗಳ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ 25%ಗಿಂತ ಕಮ್ಮಿ ಇದ್ರೆ ತನಿಖೆನೇ ಶುರು ಆಗಲ್ಲ, ಬಾಯಿಬಿಟ್ಟು ಬೇಕು-ಬೇಡ ಅಂದವ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಉತ್ಪಾದನೆ ನಮ್ಮ ಕಡೆ ಇರ್ಬೇಕು. ಹಂಗಾಗಿ ಮೊದಲು ಫೋನ್ ಮಾಡೋದೇ ಕೆಲ್ಸ. ನಾಲ್ಕೈದು ದೊಡ್ಡ ಫ್ಯಾಕ್ಟರಿ ಇರೋ ಉದ್ಯಮ ಆದ್ರೆ ಬೇಗ ಮುಗಿಯುತ್ತೆ, ನೂರಾರು ಸಣ್ಣೋರು ಇದ್ರೆ "ನೀವು ಹಾಕ್ಸಿ ಸಾರ್, ಸುಂಕ ಬಂದ್ರೆ ನಮಗೂ ಬಂದಂಗೇ ಅಲ್ವಾ" ಅಂತ ನಯವಾಗಿ ಜಾರ್ಕೊತಾರೆ, ಲೆಕ್ಕಪತ್ರ ಬಿಚ್ಚಿ ತೋರ್ಸೋಕೆ ಯಾರಿಗೆ ಇಷ್ಟ ಹೇಳಿ. ಮ್ಯಾನ್ಕರ್ ಓಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞ 1965ರಲ್ಲೇ ಇದನ್ನ ಬರೆದಿಟ್ಟಿದಾನೆ, ಚಿಕ್ಕ ಗುಂಪಿಗೆ ತಲಾ ದೊಡ್ಡ ಲಾಭ ಇದ್ರೆ ಅದು ಒಟ್ಟಾಗುತ್ತೆ, ದೊಡ್ಡ ಗುಂಪು ಆಗಲ್ಲ. ಅಮೆರಿಕದವ್ರು 2000ರಲ್ಲಿ ಬರ್ಡ್ ಅಮೆಂಡ್‌ಮೆಂಟ್ ಅನ್ನೋ ಕಾನೂನು ತಂದು, ವಸೂಲಾದ ಸುಂಕವನ್ನ ಅರ್ಜಿ ಬೆಂಬಲಿಸಿದ ಕಂಪನಿಗಳಿಗೇ ಹಂಚೋಕೆ ಶುರು ಮಾಡಿದ್ರು! ಡಬ್ಲ್ಯುಟಿಒದಲ್ಲಿ ಸೋತ ಮೇಲೆ ಅದನ್ನ ರದ್ದು ಮಾಡ್ಬೇಕಾಯ್ತು.

25% ಮುಟ್ಟದೇ ಇದ್ರೆ ಇನ್ನೊಂದು ದಾರಿ ಇದೆ. ತಾನೇ ಆ ಮಾಲು ಇಂಪೋರ್ಟ್ ಮಾಡೋ ಉತ್ಪಾದಕನನ್ನ ದೇಶೀ ಉದ್ಯಮದ ಲೆಕ್ಕದಿಂದ ಬಿಡಬಹುದು, ಶೀಟಲ್ಲಿ ಅವ್ನ ಸಾಲು ತೆಗೆದ್ರೆ ಒಟ್ಟು ಕಮ್ಮಿ ಆಗಿ ನಮ್ಮ ಶೇಕಡಾ ತಾನಾಗೇ ಮೇಲಕ್ಕೆ ಹೋಗುತ್ತೆ. ಪೂರ್ತಿ ಕಾನೂನುಬದ್ಧ.

ಆದ್ರೆ ನಿಜವಾದ ಆಟ ಇರೋದು ಯಾವ ಮಾಲಿಗೆ ಸುಂಕ ಅಂತ ಬರೆಯೋ ಆ ಒಂದು ವಾಕ್ಯದಲ್ಲಿ. ದಪ್ಪ ಎಷ್ಟು, ಅಗಲ ಎಷ್ಟು, ಕೋಟಿಂಗ್ ಇರೋದಾ ಇಲ್ಲದ್ದಾ. ಆ ಮಾಲು ಕೊಂಡು ಬೇರೆ ಸಾಮಾನು ಮಾಡೋ ಕಂಪನಿಗಳು ನಮ್ಮ ವಿರೋಧಿಗಳು, ಅವ್ರಲ್ಲಿ ಒಳ್ಳೆ ವಕೀಲರು ಇರೋನು ಒಬ್ಬಿಬ್ರೇ, ಅವ್ನು ಯಾವ ಗ್ರೇಡ್ ತಗೋತಾನೆ ನೋಡ್ಕೊಂಡು "ಇದನ್ನು ಹೊರತುಪಡಿಸಿ" ಅಂತ ನಾವೇ ಸೇರಿಸ್ತಿದ್ವಿ. ಅಲ್ಲಿಗೆ ಅವ್ನು ಸುಮ್ನೆ, ಮಿಕ್ಕ ಸಣ್ಣ ಕಂಪನಿಗಳ ಪರ ಮಾತಾಡೋರು ಯಾರೂ ಇಲ್ಲ. 2002ರ ಮಾರ್ಚಲ್ಲಿ ಬುಷ್ ಸರ್ಕಾರ ಸ್ಟೀಲ್ ಮೇಲೆ 30%ವರೆಗೂ ಸುಂಕ ಹಾಕಿದಾಗ್ಲೂ ಇಂಥ ವಿನಾಯಿತಿಗಳ ದೊಡ್ಡ ಪಟ್ಟಿನೇ ಬಂತು.

ಗ್ರಾಹಕ ಸಂಘಟನೆಗಳಿಗೂ ತನಿಖೆಯಲ್ಲಿ ಮಾತಾಡೋ ಅವಕಾಶ ಇದೆ, ನಾನು ಕೂತಿದ್ದ ಹಿಯರಿಂಗ್‌ಗಳಲ್ಲಿ ಮಾತ್ರ ಅವ್ರನ್ನ ನೋಡಿದ್ದು ಇಲ್ಲ ಅಂತ್ಲೇ ಹೇಳ್ಬೇಕು. ತಪ್ಪು ಅವ್ರದ್ದಲ್ಲ ಬಿಡಿ. ಅಮೆರಿಕ 2018ರಲ್ಲಿ ಆಮದು ವಾಷಿಂಗ್ ಮೆಷಿನ್‌ಗೆ ಸುಂಕ ಹಾಕಿದಾಗ ರೇಟು ಸುಮಾರು 12% ಏರ್ತು, ಜೋಡಿಯಾಗಿ ಮಾರೋ ಡ್ರೈಯರ್‌ಗೆ ಸುಂಕನೇ ಇರ್ಲಿಲ್ಲ, ಅದೂ ಏರ್ತು. ಒಂದೊಂದು ಮೆಷಿನ್‌ಗೆ ನೂರು ಡಾಲರ್ ಒಳಗಿನ ನಷ್ಟ, ಅದಕ್ಕೆ ವಕೀಲನ್ನ ಇಡೋರು ಯಾರು?

ನಮಗೆ ಭಯ ಇದ್ದಿದ್ದು ಗ್ರಾಹಕರದ್ದಲ್ಲ, ನಮ್ಮದೇ ದೇಶದ ರಫ್ತುದಾರರದ್ದು. ಆಚೆ ದೇಶ ತಿರುಗಿ ಸುಂಕ ಹಾಕುತ್ತೆ ಅಂದ್ರೆ ಅವ್ರು ಎದ್ದು ಕೂರ್ತಾರೆ, ತಿರುಗಿ ಯಾವ ಮಾಲಿಗೆ ಹಾಕ್ಬೇಕು ಅಂತ ಆಚೆ ಪಟ್ಟಿ ಮಾಡೋರಿಗೂ ಯಾರಿಗೆ ಚುಚ್ಚಬೇಕು ಅಂತ ಚೆನ್ನಾಗಿ ಗೊತ್ತಿರುತ್ತೆ. ಟ್ರಂಪ್ ಸ್ಟೀಲ್ ಸುಂಕಕ್ಕೆ ಉತ್ತರವಾಗಿ ಯುರೋಪಿಯನ್ ಯೂನಿಯನ್ 2018ರಲ್ಲಿ ಆರಿಸ್ಕೊಂಡ ಮಾಲಲ್ಲಿ ಬರ್ಬನ್ ವಿಸ್ಕಿ, ಮೋಟಾರ್‌ಸೈಕಲ್ ಇತ್ತು, ಬರ್ಬನ್ ಮಾಡೋ ಕೆಂಟಕಿ ಅಮೆರಿಕ ಸೆನೆಟ್‌ನ ಆಗಿನ ನಾಯಕ ಮೆಕಾನಲ್ ಅವ್ರ ರಾಜ್ಯ, ಹಾರ್ಲಿ-ಡೇವಿಡ್‌ಸನ್ ಬೈಕ್ ಕಂಪನಿ ಇರೋ ವಿಸ್ಕಾನ್ಸಿನ್ ಆಗಿನ ಸ್ಪೀಕರ್ ಪಾಲ್ ರಯಾನ್ ಅವ್ರ ರಾಜ್ಯ.

ಇನ್ನು ಒಂದ್ಸಲ ಸುಂಕ ಬಿತ್ತು ಅಂದ್ರೆ 5 ವರ್ಷಕ್ಕೆ ಮುಗೀಬೇಕು, ಆದ್ರೆ ಮುಗಿಯೋ ಮುಂಚೆ ರಿವ್ಯೂ ಕೇಳಿದ್ರೆ ಮುಂದುವರಿಸಬಹುದು. ಆ ತಾರೀಖು ನಮ್ಮ ಆಫೀಸ್ ಬೋರ್ಡ್ ಮೇಲೆ ಮೊದಲ ದಿನದಿಂದ ಇರ್ತಿತ್ತು. ಮಾಲು ಕೊಳ್ಳೋರು ಅಷ್ಟೊತ್ತಿಗೆ ಹೊಸ ರೇಟಿಗೆ ಒಗ್ಗಿ, ಅದನ್ನ ತಮ್ಮ ಗಿರಾಕಿ ಮೇಲೆ ಹಾಕಿ, ವಿಷ್ಯ ಮರೆತಿರ್ತಿದ್ರು.